ಮನಸ್ಸಿಟ್ಟು ಕೊಡುವ ಕ್ರಿಸ್‌ಮಸ್ ಉಡುಗೊರೆ: ನಾನು ಮಾಡುವ ರೀತಿ

ಕ್ರಿಸ್‌ಮಸ್ ಉಡುಗೊರೆಯ ಕೆಲಸ ನನಗೆ ಡಿಸೆಂಬರ್‌ನಲ್ಲಿ ಶುರುವಾಗುವುದಿಲ್ಲ, ವರ್ಷವಿಡೀ ನಡೆಯುತ್ತದೆ. ಫೋನಿನಲ್ಲಿ ಒಬ್ಬೊಬ್ಬರ ಹೆಸರಿಗೂ ಒಂದು ಪುಟ ಇಟ್ಟಿದ್ದೇನೆ. ಮಾತಿನ ಮಧ್ಯೆ ಯಾರಾದರೂ ಒಂದು ಆಸೆ ಹೇಳಿಕೊಂಡರೆ, ಏನಾದರೂ ಕಳೆದುಹೋಯಿತು ಎಂದು ನೊಂದುಕೊಂಡರೆ, ಅದನ್ನು ಅವರ ಮಾತಲ್ಲೇ ಬರೆದಿಡುತ್ತೇನೆ.

‘ನಮ್ಮಪ್ಪನ ವಾಚು ನಿಂತುಹೋಗಿ ಪೆಟ್ಟಿಗೆ ಸೇರಿದೆ’ ಎಂದು ದೊಡ್ಡಮ್ಮ ಹೇಳಿದ್ದು ಹೀಗೇ ಸಿಕ್ಕಿತು. ದೊಡ್ಡಪ್ಪನ ಕೈಲಿ ಅದನ್ನು ಗುಟ್ಟಾಗಿ ತರಿಸಿಕೊಂಡೆ. ರಿಪೇರಿ ಮಾಡಿಸಿ, ಬೆಲ್ಟ್ ಬದಲಾಯಿಸಿದೆ. ಗಾಜಿನ ಮೇಲಿದ್ದ ಗೀರನ್ನು ಮಾತ್ರ ಮುಟ್ಟಬೇಡಿ ಎಂದು ರಿಪೇರಿಯವರಿಗೆ ಹೇಳಿದ್ದೆ. ಅದು ಅವರಪ್ಪನ ಕಾಲದ ಗೀರು ಅಲ್ವಾ? ಪೊಟ್ಟಣ ಬಿಚ್ಚಿದ ದೊಡ್ಡಮ್ಮ ವಾಚನ್ನು ಮೊದಲು ಕಿವಿಗೆ ಹಿಡಿದರು. ಆಮೇಲೆ ಆ ಗೀರಿನ ಮೇಲೆ ಬೆರಳಾಡಿಸಿದರು.

ದುಬಾರಿಯದ್ದು ಕೊಡಲೇಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಬೆಲೆ ಜಾಸ್ತಿ ಆದಷ್ಟೂ ಸಂತೋಷವೂ ಜಾಸ್ತಿ ಆಗುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ ಕ್ರಿಸ್‌ಮಸ್ ಉಡುಗೊರೆಗಳ ಬಗ್ಗೆ ವಿದ್ಯಾರ್ಥಿಗಳನ್ನು ವಿಚಾರಿಸಿ, 1993ರಲ್ಲಿ ಒಂದು ಲೇಖನ ಪ್ರಕಟಿಸಿದರು. ಭಾವನೆಯ ಲೆಕ್ಕ ಬಿಟ್ಟರೆ, ಪಡೆದವರು ಉಡುಗೊರೆಗೆ ಕಟ್ಟಿದ ಬೆಲೆ ಅದಕ್ಕಾದ ಖರ್ಚಿಗಿಂತ ಶೇ 10ರಿಂದ ಮೂರನೇ ಒಂದು ಭಾಗದಷ್ಟು ಕಡಿಮೆ ಇತ್ತು. ಸ್ನೇಹಿತರು ಕೊಟ್ಟದ್ದರಲ್ಲಿ ಈ ಅಂತರ ಕಡಿಮೆ, ಅಜ್ಜ-ಅಜ್ಜಿ, ಚಿಕ್ಕಪ್ಪ-ಚಿಕ್ಕಮ್ಮನಂಥ ನೆಂಟರು ಕೊಟ್ಟದ್ದರಲ್ಲಿ ಹೆಚ್ಚು. ಹತ್ತಿರದಿಂದ ಬಲ್ಲವರಿಗೆ ಏನು ಬೇಕು ಅಂತ ಗೊತ್ತಿರುತ್ತದೆ. ನನ್ನ ಆ ಪುಟಗಳೂ ಅದಕ್ಕಾಗಿಯೇ.

ಏನೂ ಹೊಳೆಯದಿದ್ದರೆ ಪತ್ರ ಬರೆಯುತ್ತೇನೆ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಇಲ್ಲ. ‘ನೀವು ತುಂಬಾ ಒಳ್ಳೆಯವರು’ ಎಂಬ ಸಾಲನ್ನು ಯಾರು ಯಾರಿಗೆ ಬೇಕಾದರೂ ಬರೆಯಬಹುದು. ಅದರ ಬದಲು ಒಂದೇ ಒಂದು ದಿನವನ್ನು ನೆನಪು ಮಾಡಿಕೊಳ್ಳುತ್ತೇನೆ. ನಾನು ಕೆಲಸ ಕಳೆದುಕೊಂಡಾಗ ಅಕ್ಕ ರಾತ್ರಿ ಬಂದು, ಏನೂ ಕೇಳದೆ, ನನ್ನ ಪಕ್ಕ ಕೂತು ಬಟ್ಟೆ ಮಡಚಿದ್ದಳು. ಅವಳಿಗೆ ಬರೆದ ಪತ್ರದಲ್ಲಿ ಅದಷ್ಟೇ ಇತ್ತು. ಅವಳಿಗೆ ಆ ರಾತ್ರಿ ನೆನಪೇ ಇರಲಿಲ್ಲವಂತೆ! ಇಂಥದ್ದನ್ನು ಬರೆಯಲು ಸಂಕೋಚ ಆಗುವುದು ಸಹಜ. ಜನರ ವರ್ತನೆಯನ್ನು ಅಧ್ಯಯನ ಮಾಡುವ ಸಂಶೋಧಕರಾದ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿದೆ. ಕೃತಜ್ಞತೆಯ ಪತ್ರ ಬರೆದವರು ಓದುವವರ ಮುಜುಗರವನ್ನು ಹೆಚ್ಚಾಗಿ ಊಹಿಸಿಕೊಂಡಿದ್ದರು, ಅವರ ಸಂತೋಷವನ್ನು ಕಡಿಮೆ ಅಂದುಕೊಂಡಿದ್ದರು.

ಹಳೆಯ ಫೋಟೋಗಳೂ ಒಳ್ಳೆಯ ಉಡುಗೊರೆ. ಸ್ಕ್ಯಾನ್ ಮಾಡಿಸಿ, ಯಾರು ಯಾರಿದ್ದಾರೆ ಎಂದು ಹಿರಿಯರನ್ನು ಕೇಳಿ, ಹೆಸರುಗಳನ್ನು ಬೇರೆ ಹಾಳೆಯಲ್ಲಿ ಬರೆದು ಜೊತೆಗಿಡಿ. ಫೋಟೋದ ಹಿಂದೆ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಅಚ್ಚು ಮುಂದಕ್ಕೆ ಮೂಡುತ್ತದೆ.

ಸಮಯವನ್ನೇ ಉಡುಗೊರೆಯಾಗಿ ಕೊಡುವವರು ದಿನಾಂಕ ಹಾಕಿ ಕೊಡಬೇಕು. ‘ಯಾವಾಗಲಾದರೂ ಮಗುವನ್ನು ನೋಡಿಕೊಳ್ಳುತ್ತೇನೆ’ ಎಂದು ಕಾರ್ಡಿನಲ್ಲಿ ಬರೆದರೆ, ಕೇಳಲು ಅವರಿಗೆ ದಾಕ್ಷಿಣ್ಯ. ಹಸುಗೂಸಿದ್ದ ಗೆಳತಿಗೆ ನಾನು ಹೀಗೆ ಬರೆದೆ: ‘ಜನವರಿಯ ಎರಡನೇ ಶನಿವಾರ, ಬೆಳಿಗ್ಗೆ 10ಕ್ಕೆ ಬರುತ್ತೇನೆ. ಸಂಜೆಯವರೆಗೆ ನೀನು ನಿದ್ದೆ ಮಾಡು.’