ಒಂದೇ ಸರ್ವರ್‌ನಲ್ಲಿ ಎರಡು ಎಚ್‌ಟಿಟಿಪಿಎಸ್ ಸೈಟ್

ಮಡಿಕೇರಿಯ ನಮ್ಮ ಹೋಂಸ್ಟೇ ಸೈಟ್ ಇದ್ದ ಸರ್ವರ್‌ಗೇ ಅಣ್ಣನ ಕಾಫಿಪುಡಿ ಸೈಟನ್ನೂ ಹಾಕಿದ ಮೇಲೆ, ಅದನ್ನು ತೆರೆದಾಗೆಲ್ಲ ಬ್ರೌಸರ್ ಎಚ್ಚರಿಕೆ ತೋರಿಸುತ್ತಿತ್ತು. ಸೈಟಿನ ಗುರುತಿನ ಚೀಟಿಯಂತಿರುವ ಸರ್ಟಿಫಿಕೇಟ್ ತೆಗೆದು ನೋಡಿದರೆ ಹೋಂಸ್ಟೇ ಹೆಸರು! ಕಾಫಿ ಸೈಟಿಗೆ ಇನ್ನೊಂದು ಐಪಿ ವಿಳಾಸ ತಗೊಳ್ಳಿ ಅಂದರು ಕೆಲವರು. ಸುಮ್ನೆ ದುಡ್ಡು ದಂಡ. 2003ರಿಂದಲೇ ಎಸ್‌ಎನ್‌ಐ (ಸರ್ವರ್ ನೇಮ್ ಇಂಡಿಕೇಶನ್) ಅನ್ನೋ ವ್ಯವಸ್ಥೆ ಇದೆ ಅಲ್ವಾ, ಯಾವ ಸೈಟ್ ಬೇಕು ಅಂತ ಬ್ರೌಸರ್ ಮೊದಲೇ ಹೇಳುತ್ತದೆ, ಸರ್ವರ್ ಅದಕ್ಕೆ ತಕ್ಕ ಸರ್ಟಿಫಿಕೇಟ್ ಕೊಡುತ್ತದೆ.

ನಮ್ಮ ವೆಬ್ ಸರ್ವರ್ ಸಾಫ್ಟ್‌ವೇರ್ ಎಂಜಿನ್‌ಎಕ್ಸ್‌ನ ಕಾನ್ಫಿಗ್ ಫೈಲ್‌ನಲ್ಲಿ ಕಾಫಿ ಸೈಟಿಗೆ 80ನೇ ಪೋರ್ಟ್‌ನ (ಮಾಮೂಲಿ ಎಚ್‌ಟಿಟಿಪಿಯದು) ಬ್ಲಾಕ್ ಮಾತ್ರ ಇತ್ತು. ಎಚ್‌ಟಿಟಿಪಿಎಸ್‌ನ ಪೋರ್ಟ್ 443ಕ್ಕೆ ಬಂದವರಿಗೆಲ್ಲ ಹೋಂಸ್ಟೇ ಬ್ಲಾಕಿನ ಸರ್ಟಿಫಿಕೇಟೇ ಹೋಗುತ್ತಿತ್ತು. ಕಾಫಿ ಸೈಟಿಗೂ 443ರ ಬ್ಲಾಕ್ ಬರೆದು, ಸರ್ವರ್ ನೇಮ್ ಸಾಲಿನಲ್ಲಿ ಅದರ ಹೆಸರು ಕೊಟ್ಟು, ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಬೇರೆಯೇ ಸರ್ಟಿಫಿಕೇಟ್ ತಂದು ರೀಲೋಡ್ ಮಾಡಿದೆ. ಸರಿಹೋಯಿತು. ಸರ್ಟಿಫಿಕೇಟ್ 90 ದಿನಕ್ಕೆ ಮುಗಿಯುತ್ತದೆ, ರಿನ್ಯೂವಲ್ ತಾನಾಗೇ ಆಗುವಂತೆ ಇಡಿ. ಕೈಯಾರೆ ಮಾಡ್ತೀನಿ ಅಂದರೆ, ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು, ನೆಟ್ಟು ಎರಡನ್ನೂ ನಂಬೋ ಹಾಗಿಲ್ಲ.