ಪಾಳು ಮನೆ ಜಾಗದಲ್ಲಿ ಹಳೇ ವಸ್ತು ಹುಡುಕುವುದು: ಅಗೆಯುವ ಮುಂಚೆ ಇಷ್ಟು ಓದಿಕೊಳ್ಳಿ

ಮೊನ್ನೆ ಪರಿಚಯದವರೊಬ್ಬರು ತಮಗೆ ಸಿಕ್ಕ ತಾಮ್ರದ ನಾಣ್ಯ ತೋರಿಸಿದರು. ಅಂಚಿನಿಂದ ನಡುವಿನವರೆಗೂ ಹೊಳೆಯುವ ಹೊಸ ಗೀರು! ಸಲಿಕೆಯ ಬಾಯಿ ತಾಗಿ ಆದದ್ದು. ಸಾಲದ್ದಕ್ಕೆ ಸಿಕ್ಕ ಖುಷಿಯಲ್ಲಿ ಅಲ್ಲೇ ಪ್ಯಾಂಟಿಗೆ ತಿಕ್ಕಿದ್ದಾರೆ, ಇದ್ದ ನಾಲ್ಕು ಅಕ್ಷರವೂ ಮಾಸಿ ಹೋಗಿದೆ. ಇಂಥ ನಾಣ್ಯಗಳನ್ನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಮೆಟಲ್ ಡಿಟೆಕ್ಟರ್ ಆಡಿಸುವುದನ್ನು ಎರಡು ದಿನದಲ್ಲಿ ಕಲಿಯಬಹುದು. ಕೆಲಸ ಕೆಡುವುದು ಅಗೆಯುವಾಗ.

ಮೊದಲು ಅನುಮತಿ. ಮನೆ ಬಿದ್ದು ಹೋಗಿದ್ದರೂ ಜಾಗಕ್ಕೆ ಮಾಲೀಕರು ಇದ್ದೇ ಇರುತ್ತಾರೆ. ಅವರನ್ನು ಹುಡುಕಿ ಕೇಳಿ, ಬರೆಸಿಕೊಂಡರೆ ಇನ್ನೂ ಒಳ್ಳೆಯದು. ಆಮೇಲೆ ಕಾನೂನು. ಭಾರತದಲ್ಲಿ 1878ರ ನಿಧಿ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ, ಮಣ್ಣಲ್ಲಿ ನಿಧಿ ಸಿಕ್ಕರೆ ಕಲೆಕ್ಟರ್‌ಗೆ ತಿಳಿಸಬೇಕು. ಇಂಗ್ಲೆಂಡಿನಲ್ಲಿ 1996ರ ಕಾಯ್ದೆ 14 ದಿನದ ಗಡುವು ಕೊಡುತ್ತದೆ. ಫ್ರಾನ್ಸಿನಲ್ಲಿ ಹಳೇ ವಸ್ತು ಹುಡುಕಲು ಮೊದಲೇ ಸರ್ಕಾರದ ಪರವಾನಗಿ ಬೇಕು. ಸಂರಕ್ಷಿತ ಸ್ಮಾರಕದ ಹತ್ತಿರ ಯಂತ್ರ ತೆಗೆಯಲೇ ಬೇಡಿ.

ಯಂತ್ರದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಣ್ಣಿಗೆ ಹೊಂದಿಸಿಕೊಳ್ಳುವ ಗ್ರೌಂಡ್ ಬ್ಯಾಲೆನ್ಸ್ ಇರಬೇಕು, ಕಾಯಿಲ್ (ಯಂತ್ರದ ತುದಿಯಲ್ಲಿ ನೆಲದ ಮೇಲೆ ಆಡಿಸುವ ಬಳೆಯಂಥ ಭಾಗ) ಚಿಕ್ಕದಿರಬೇಕು, 6 ಇಂಚಿನದಾದರೆ ಸಾಕು. ದೊಡ್ಡ ಕಾಯಿಲ್ ಆಳಕ್ಕೆ ನೋಡುತ್ತದೆ ನಿಜ, ಆದರೆ ಪಾಳು ಮನೆ ಜಾಗದ ತುಂಬ ಮೊಳೆ. ಒಂದೇ ಸಲಕ್ಕೆ ಐದಾರು ಮೊಳೆ ಕಾಯಿಲ್ ಕೆಳಗೆ ಬಂದರೆ ನಡುವೆ ಇರುವ ನಾಣ್ಯದ ಸದ್ದು ಕೇಳುವುದೇ ಇಲ್ಲ. ಇನ್ನು, ಎರಡು ಕಡ್ಡಿ ಹಿಡಿದು ಓಡಾಡಿದರೆ ದೂರದಿಂದಲೇ ಚಿನ್ನ ತೋರಿಸುತ್ತದೆ ಅಂತ ಮಾರುವ ಸಾಮಾನು ಬರುತ್ತದಲ್ಲ, ಅದಕ್ಕೆ ಒಂದು ಪೈಸೆಯನ್ನೂ ಹಾಕಬೇಡಿ. ಹೀಗೇ ಕಡ್ಡಿ ತಿರುಗುವ ನಕಲಿ ಬಾಂಬ್ ಪತ್ತೆ ಯಂತ್ರ ಮಾರಿದವನಿಗೆ 2013ರಲ್ಲಿ ಬ್ರಿಟನ್ನಿನ ಕೋರ್ಟು 10 ವರ್ಷ ಜೈಲು ವಿಧಿಸಿತು. ಉಳಿದ ದುಡ್ಡಲ್ಲಿ, ಗುಂಡಿಯೊಳಗೆ ವಸ್ತು ಸರಿಯಾಗಿ ಎಲ್ಲಿದೆ ಅಂತ ತೋರಿಸುವ, ಕೈಯಲ್ಲಿ ಹಿಡಿಯುವ ಪುಟ್ಟ ಪಿನ್‌ಪಾಯಿಂಟರ್ ಕೊಳ್ಳಿ. ಅದಿಲ್ಲದೆ ಅಗೆಯಲು ಹೋಗಲೇಬಾರದು ಅನ್ನುವವನು ನಾನು.

ಎಲ್ಲಿ ಹುಡುಕುವುದು? ಗೋಡೆ ಬಿದ್ದರೂ ನೆಟ್ಟ ಮರ ಉಳಿಯುತ್ತದೆ, ನೇರ ಸಾಲಿನ ಕಲ್ಲು ಉಳಿಯುತ್ತದೆ. ಅಲ್ಲಿಂದ ಬಾಗಿಲು ಎಲ್ಲಿತ್ತು, ಬಾವಿಗೆ ಯಾವ ಕಡೆ ನಡೆದು ಹೋಗುತ್ತಿದ್ದರು ಅಂತ ಊಹಿಸಿ. ಹೊಸ್ತಿಲ ಮುಂದೆ, ಬಾವಿ ದಾರಿಯಲ್ಲಿ, ದೊಡ್ಡ ಮರದ ನೆರಳಲ್ಲಿ, ಬಟ್ಟೆ ಒಣಹಾಕುತ್ತಿದ್ದ ಜಾಗದಲ್ಲಿ ಜನರ ಕೈಯಿಂದ, ಜೇಬಿನಿಂದ ಬಿದ್ದದ್ದು ಸಿಗುತ್ತದೆ. ನಿಂತಿರುವ ಗೋಡೆಯ ಬುಡ ಮಾತ್ರ ಅಗೆಯಬೇಡಿ. ಹಳೇ ಬಾವಿಗೆ ಹಲಗೆ ಮುಚ್ಚಿ ಮೇಲೆ ಮಣ್ಣು ಕೂತಿರುತ್ತದೆ, ಕೋಲು ಊರಿ ನೋಡಿಕೊಂಡೇ ಕಾಲಿಡಿ. ದಪ್ಪ ಕೈಗವಸು ಹಾಕಿ, ಧನುರ್ವಾಯು ಇಂಜೆಕ್ಷನ್ ತೆಗೆದುಕೊಂಡಿರಿ.

ಕಾಯಿಲನ್ನು ನೆಲಕ್ಕೆ ಸಮವಾಗಿ, ನಿಧಾನ ಆಡಿಸಿ. ಕಬ್ಬಿಣದ ಸದ್ದು ಕಿರಿಕಿರಿ ಅಂತ ಡಿಸ್ಕ್ರಿಮಿನೇಷನ್ (ಬೇಡದ ಲೋಹದ ಸದ್ದು ತಡೆಯುವ ಸೆಟ್ಟಿಂಗ್) ಏರಿಸಿ ಅದನ್ನು ಬಂದ್ ಮಾಡುವವರೇ ಜಾಸ್ತಿ. ಹಾಗೆ ಮಾಡಿದರೆ ಮೊಳೆಯ ಜೊತೆ ಪಕ್ಕದಲ್ಲಿರುವ ನಾಣ್ಯವೂ ಸುಮ್ಮನಾಗಿಬಿಡಬಹುದು. ಕಬ್ಬಿಣಕ್ಕೆ ದಪ್ಪ ದನಿ ಬರುವಂತೆ ಇಟ್ಟುಕೊಳ್ಳಿ, ನಡುನಡುವೆ ತೆಳುವಾದ ದನಿ ಬರುತ್ತದಾ ಅಂತ ಕಿವಿಗೊಡಿ. ಯಾವ ಲೋಹ ಇರಬಹುದು ಅಂತ ಸೂಚಿಸುವ ಪರದೆಯ ಮೇಲಿನ ಅಂಕಿಯನ್ನು ಪೂರ್ತಿ ನಂಬಬೇಡಿ. ಅಲ್ಯೂಮಿನಿಯಂ ಹಾಳೆಗೂ ಸಣ್ಣ ಚಿನ್ನದ ಉಂಗುರಕ್ಕೂ ಎಷ್ಟೋ ಸಲ ಒಂದೇ ಅಂಕಿ ಬರುತ್ತದೆ.

ಈಗ ಅಗೆಯುವ ವಿಷಯ. ದಯವಿಟ್ಟು ಇದನ್ನು ಆತುರವಿಲ್ಲದೆ ಓದಿ.

ಸದ್ದು ಬಂದ ಕೂಡಲೇ ಬಗ್ಗಬೇಡಿ. ಒಂದು ಕಡೆಯಿಂದ ಆಡಿಸಿ, ಆಮೇಲೆ ತೊಂಬತ್ತು ಡಿಗ್ರಿ ತಿರುಗಿ ನಿಂತು ಆಡಿಸಿ. ಎರಡು ಗೆರೆ ಕೂಡುವ ಕಡೆ ವಸ್ತು ಇದೆ. ಒಂದು ದಿಕ್ಕಿನಲ್ಲಿ ಚೆನ್ನಾಗಿ ಕೇಳಿ ಇನ್ನೊಂದರಲ್ಲಿ ಮಾಯವಾದರೆ ಅದು ಬಹುಪಾಲು ಮೊಳೆಯೇ. ಆದರೂ ಅಂಚಿನ ಮೇಲೆ ನಿಂತ ನಾಣ್ಯ ಹೀಗೇ ಮೋಸ ಮಾಡುತ್ತದೆ, ಅದಕ್ಕೆ ನಾನಂತೂ ಅಗೆದೇ ನೋಡುತ್ತೇನೆ.

ಜಾಗ ಗುರುತಾಯಿತು ಅಂದುಕೊಳ್ಳಿ. ಅಲ್ಲಿಂದ ಸುತ್ತ ನಾಲ್ಕು ಬೆರಳಗಲ ಬಿಟ್ಟು ಮೂರು ಕಡೆ ಮಾತ್ರ ಕತ್ತರಿಸಿ, ನಾಲ್ಕನೇ ಕಡೆ ಹಾಗೇ ಬಿಡಿ. ಉಪಕರಣದ ಬಾಯಿ ನೆಟ್ಟಗೆ ಕೆಳಗಿಳಿಯಬೇಕು. ಒಳಕ್ಕೆ ಓರೆಯಾದರೆ ಅದು ಸೀದಾ ಹೋಗುವುದು ನಾಣ್ಯದ ಕಡೆಗೇ, ಗೀರು ಬೀಳುವುದು ಹೀಗೆ. ಅಗಲ ಬಾಯಿಯ ಗುದ್ದಲಿ ಈ ಕೆಲಸಕ್ಕೆ ಬರುವುದೇ ಇಲ್ಲ, ಹರಿತವಾದ ಕಿರು ಸಲಿಕೆ ಬೇಕು. 10 ಸೆಂಟಿಮೀಟರ್ ಇಳಿದ ಮೇಲೆ ಹುಲ್ಲು ಸಮೇತ ಹೆಂಟೆಯನ್ನು ಪುಸ್ತಕದ ರಟ್ಟು ತೆರೆದ ಹಾಗೆ ಒಂದು ಕಡೆಗೆ ಮಗುಚಿ. ಬೇರು ಒಂದು ಕಡೆ ಹಿಡಿದುಕೊಂಡೇ ಇರುವುದರಿಂದ ವಾಪಸ್ ಮುಚ್ಚಿದಾಗ ಹುಲ್ಲು ಬದುಕುತ್ತದೆ. ಕಡು ಬೇಸಿಗೆಯಲ್ಲಿ ಹೀಗೆ ಮಾಡಿದರೂ ಒಣಗುತ್ತದೆ, ಮಳೆ ಬಿದ್ದ ಮೇಲೆ ಹೋಗಿ.

ಮೊದಲು ಪಿನ್‌ಪಾಯಿಂಟರನ್ನು ಹೆಂಟೆಗೆ ಹಿಡಿಯಿರಿ. ವಸ್ತು ಅಲ್ಲೇ ಅಂಟಿಕೊಂಡಿರುತ್ತದೆ, ಜನ ಅದನ್ನು ಬಿಟ್ಟು ಸುಮ್ನೆ ಗುಂಡಿ ಆಳ ಮಾಡುತ್ತಾ ಕೂರುತ್ತಾರೆ. ಆಮೇಲೆ ಗುಂಡಿಯ ತಳ, ಆಮೇಲೆ ಪಕ್ಕಗಳು. ತೆಗೆದ ಮಣ್ಣನ್ನೆಲ್ಲ ಒಂದು ಬಟ್ಟೆಯ ಮೇಲೆ ಹಾಕಿ. ಸದ್ದು ಹತ್ತಿರವಾದ ಮೇಲೆ ಕಬ್ಬಿಣದ ಉಪಕರಣ ಪಕ್ಕಕ್ಕಿಡಿ, ಬೆರಳಲ್ಲೇ ಮಣ್ಣು ಬಿಡಿಸಿ. ಕಂಡರೂ ಎಳೆಯಬೇಡಿ. ಸುತ್ತಲ ಮಣ್ಣು ಸಡಿಲ ಮಾಡಿದರೆ ತಾನಾಗಿ ಬರುತ್ತದೆ. ಸಿಕ್ಕ ಮೇಲೆ ಇನ್ನೊಮ್ಮೆ ಗುಂಡಿಗೆ ಡಿಟೆಕ್ಟರ್ ಹಿಡಿಯಿರಿ, ಒಂದರ ಕೆಳಗೆ ಇನ್ನೊಂದು ಇರಬಹುದು. ಮಡಕೆಯ ಬಾಯಿ ಕಂಡರೆ ಅಥವಾ ನಾಣ್ಯಗಳು ಗುಂಪಾಗಿ ಕಂಡರೆ ಅಲ್ಲಿಗೇ ನಿಲ್ಲಿಸಿ, ಸಂಬಂಧಪಟ್ಟವರಿಗೆ ತಿಳಿಸಿ. ಯಾವ ವಸ್ತು ಯಾವ ಪದರದಲ್ಲಿತ್ತು ಅನ್ನುವುದು ಒಮ್ಮೆ ಕಲಸಿಹೋದರೆ ಮತ್ತೆ ಸಿಗುವುದಿಲ್ಲ. ಹಳೇ ಗುಂಡು, ಶೆಲ್ ಥರದ್ದು ಕಂಡರೆ ಮುಟ್ಟದೆ ದೂರ ಸರಿದು ಪೊಲೀಸರಿಗೆ ಫೋನ್ ಮಾಡಿ.

ಅಲ್ಲೇ ಉಜ್ಜಬೇಡಿ. ಮಣ್ಣಿನ ಕಣ ಮರಳು ಕಾಗದದ ಹಾಗೆ ಕೆಲಸ ಮಾಡುತ್ತದೆ. ಮನೆಗೆ ತಂದು ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕಿ. ತಾಮ್ರದ ಮೇಲಿನ ಗಟ್ಟಿಯಾದ ನುಣುಪು ಕಿಲುಬು ಹಾಗೇ ಇರಲಿ, ಅಕ್ಷರ ಉಳಿದಿರುವುದು ಅದರಲ್ಲೇ. ತಿಳಿ ಹಸಿರು ಪುಡಿ ಉದುರುತ್ತಿದ್ದರೆ ಅದು ಬೇರೆ, ಲೋಹ ಇನ್ನೂ ತಿನ್ನಿಸಿಕೊಳ್ಳುತ್ತಿದೆ ಅಂತ ಅರ್ಥ. ಅದನ್ನು ಪೂರ್ತಿ ಒಣಗಿಸಿ ಬೇರೆ ಡಬ್ಬಿಯಲ್ಲಿಡಿ. ನಿಂಬೆರಸ, ವಿನೆಗರ್ ಯಾವುದೂ ಬೇಡ. ಬೀಗ, ಅಗುಳಿಯಂಥ ಕಬ್ಬಿಣದ ಸಾಮಾನಿಗೆ ವಾಷಿಂಗ್ ಸೋಡಾ ನೀರಲ್ಲಿ ಸಣ್ಣ ಕರೆಂಟು ಹಾಯಿಸಿ ತುಕ್ಕು ಬಿಡಿಸುವವರಿದ್ದಾರೆ. ಒಳ್ಳೆಯ ದಾರಿಯೇ, ಆದರೆ ಇನ್ನೊಂದು ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಬೇಡಿ, ನೀರಿಗೆ ವಿಷದ ಕ್ರೋಮಿಯಂ ಬಿಡುತ್ತದೆ. ಮಾಮೂಲಿ ಕಬ್ಬಿಣದ ತುಂಡು ಹಾಕಿ, ಬಯಲಲ್ಲಿ ಮಾಡಿ.

ಜಾಗ ಬಿಡುವ ಮುಂಚೆ ಬಟ್ಟೆಯ ಮೇಲಿನ ಮಣ್ಣನ್ನು ಗುಂಡಿಗೆ ಸುರಿದು, ಹೆಂಟೆ ಮಗುಚಿ, ಕಾಲಲ್ಲಿ ಒತ್ತಿ. ಸಿಕ್ಕ ಮೊಳೆ, ತಗಡು, ಗಾಜಿನ ಚೂರನ್ನು ಚೀಲಕ್ಕೆ ಹಾಕಿಕೊಳ್ಳಿ. ಒಂದೊಂದು ವಸ್ತುವಿಗೂ ಒಂದೊಂದು ಕಾಗದದ ಪೊಟ್ಟಣ ಮಾಡಿ, ಮೇಲೆ ‘ಹೊಸ್ತಿಲಿಂದ ಮೂರು ಹೆಜ್ಜೆ, ಒಂದು ಗೇಣು ಆಳ’ ಅಂತ ಅಲ್ಲೇ ಕೂತು ಬರೆಯಿರಿ, ತಾರೀಕು ಹಾಕಿ. ಸಂಜೆ ನೆನಪು ಮಾಡಿಕೊಂಡು ಬರೆಯೋಣ ಅಂದರೆ ಮೂರು ಹಿತ್ತಾಳೆ ಬಟನ್‌ಗಳಲ್ಲಿ ಯಾವುದು ಬಾವಿ ಹತ್ತಿರದ್ದು, ಯಾವುದು ಮರದ ಬುಡದ್ದು ಅಂತ ಗೊತ್ತಾಗುವುದೇ ಇಲ್ಲ.