ಜರ್ಮನಿಯಲ್ಲಿ ಬಯೋಇನ್ಫರ್ಮ್ಯಾಟಿಕ್ಸ್: ಮೈಸೂರು, ಮಂಡ್ಯದ ಕಡೆಯಿಂದ ಬರುವವರಿಗೆ

ಮಂಡ್ಯದಿಂದ ಫೋನ್ ಮಾಡುವ ಅಪ್ಪ-ಅಮ್ಮಂದಿರು ಮೊದಲು ಕೇಳುವುದು ‘ಸೀಟಿಗೆ ಎಷ್ಟು ಕಟ್ಟಬೇಕು, ಕಟ್‌-ಆಫ್ ಎಷ್ಟು’ ಅಂತ. ಇಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸಿಇಟಿ ಲೆಕ್ಕ ನಡೆಯುವುದಿಲ್ಲ. ಬಹುಪಾಲು ಕಡೆ ಬೋಧನಾ ಶುಲ್ಕವೂ ಇಲ್ಲ, ಸೆಮಿಸ್ಟರ್‌ಗೆ ಒಂದಿಷ್ಟು ವಂತಿಗೆ ಅಷ್ಟೇ. ಆದರೆ ಟ್ಯೂಬಿಂಗನ್, ಹೈಡಲ್‌ಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರು ಸೆಮಿಸ್ಟರ್‌ಗೆ 1,500 ಯೂರೋ ಕಟ್ಟಬೇಕು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಹಾಕಿದೆ.

ಇಲ್ಲಿ ಅಂಕಕ್ಕಿಂತ ಹೆಚ್ಚಾಗಿ ನೋಡುವುದು ನೀವು ಏನು ಓದಿದ್ದೀರಿ ಎಂಬುದನ್ನು. ಬಯೋಇನ್ಫರ್ಮ್ಯಾಟಿಕ್ಸ್ ಅಂದರೆ ಡಿಎನ್‌ಎಯಂಥ ಜೀವವಿಜ್ಞಾನದ ಡೇಟಾವನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ವಿದ್ಯೆ. ಅದರ ಎಂ.ಎಸ್ಸಿಗೆ ಗಣಿತ, ಕಂಪ್ಯೂಟರ್, ಜೀವವಿಜ್ಞಾನಗಳಲ್ಲಿ ಇಂತಿಷ್ಟು ಕ್ರೆಡಿಟ್ ಇರಲೇಬೇಕೆಂದು ಕೇಳುವುದು ಸಾಮಾನ್ಯ. ಬಯೋಟೆಕ್ನಾಲಜಿಯಲ್ಲಿ ಡಿಸ್ಟಿಂಕ್ಷನ್ ಬಂದಿದ್ದರೂ ಸ್ಟ್ಯಾಟಿಸ್ಟಿಕ್ಸ್, ಪ್ರೋಗ್ರಾಮಿಂಗ್ ಇಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲಬಹುದು. ಹಾಗಾಗಿ ಕಾಲೇಜು ಬಿಡುವ ಮುನ್ನವೇ ಪ್ರತಿ ಪೇಪರ್‌ನ ಸಿಲಬಸ್, ಗಂಟೆಗಳ ಲೆಕ್ಕ ಸಮೇತ, ಸೀಲು-ಸಹಿ ಹಾಕಿಸಿ ಇಟ್ಟುಕೊಳ್ಳಿ. ಆಮೇಲೆ ಆ ಕಾಗದಕ್ಕಾಗಿ ತಮ್ಮನನ್ನೋ ತಂಗಿಯನ್ನೋ ಕ್ರಾಫರ್ಡ್ ಹಾಲ್‌ಗೆ ಓಡಾಡಿಸುವುದು ಬೇಡ.

ಅಂಕವನ್ನೂ ಇಲ್ಲಿನ ಅಳತೆಗೆ ತಿರುಗಿಸುತ್ತಾರೆ: 1 ಅತ್ಯುತ್ತಮ, 4 ಪಾಸು. ಗರಿಷ್ಠದಿಂದ ನಿಮ್ಮ ಅಂಕ ಕಳೆದು, ಅದನ್ನು ಗರಿಷ್ಠಕ್ಕೂ ಪಾಸಿಗೂ ಇರುವ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಸೇರಿಸಿ. ಹತ್ತಕ್ಕೆ ಎಂಟು ಸಿಜಿಪಿಎ, ಪಾಸು ನಾಲ್ಕು ಅಂದರೆ 2.0. ಪರವಾಗಿಲ್ಲ, ಒಳ್ಳೆಯದೇ.

2022ರ ನವೆಂಬರ್‌ನಿಂದ ಭಾರತೀಯ ವಿದ್ಯಾರ್ಥಿಗಳಿಗೆ ಎಪಿಎಸ್ ಪ್ರಮಾಣಪತ್ರ, ಅಂದರೆ ನಿಮ್ಮ ಅಂಕಪಟ್ಟಿ-ಪದವಿ ಅಸಲಿ ಎಂದು ಪರಿಶೀಲಿಸಿ ಕೊಡುವ ಪತ್ರ, ಕಡ್ಡಾಯ. ಅದಕ್ಕೆ ಬೇಗ ಅರ್ಜಿ ಹಾಕಿ. ವೀಸಾಕ್ಕೆ ಬ್ಲಾಕ್ಡ್ ಅಕೌಂಟ್‌ನಲ್ಲಿ (ತಿಂಗಳಿಗೆ ಇಂತಿಷ್ಟೇ ತೆಗೆಯಲು ಬಿಡುವ ಖಾತೆ) ವರ್ಷದ ಖರ್ಚಿನ ಹಣ ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅದು 11,904 ಯೂರೋಗೆ ಏರಿತು. ಹೊರಡುವಾಗ ಹೊಸ ಮೊತ್ತ ನೋಡಿಕೊಳ್ಳಿ.

ನನ್ನ ಮಟ್ಟಿಗೆ ಇಲ್ಲಿನ ನಿಜವಾದ ಸ್ಕಾಲರ್‌ಶಿಪ್ ಅಂದರೆ ‘ಹೀವಿ’ ಕೆಲಸ. ಪ್ರಯೋಗಾಲಯವೇ ವಿದ್ಯಾರ್ಥಿಯನ್ನು ತಿಂಗಳಿಗೆ ಇಷ್ಟು ಗಂಟೆ ಎಂದು ಸಂಬಳಕ್ಕೆ ಇಟ್ಟುಕೊಳ್ಳುತ್ತದೆ. ಸೀಕ್ವೆನ್ಸಿಂಗ್ (ಡಿಎನ್‌ಎ ಓದುವ) ಡೇಟಾದ ಗುಣಮಟ್ಟ ನೋಡುವುದು, ಪೈಪ್‌ಲೈನ್ (ಒಂದರ ಹಿಂದೊಂದು ನಡೆಯುವ ಪ್ರೋಗ್ರಾಂಗಳ ಸರಣಿ) ಓಡಿಸುವುದು, ಸ್ಕ್ರಿಪ್ಟ್ ಸರಿಮಾಡುವುದು ಇಂಥವು. ಹೊರಗಿನ ಕೆಲಸಕ್ಕೆ ವರ್ಷಕ್ಕೆ 140 ಪೂರ್ಣ ದಿನದ ಮಿತಿಯಿದೆ. ವಿಶ್ವವಿದ್ಯಾಲಯದೊಳಗಿನ ಇಂಥ ಕೆಲಸ ಆ ಲೆಕ್ಕಕ್ಕೆ ಬರುವುದಿಲ್ಲ. ಹೋಟೆಲಿನಲ್ಲಿ ಪಾತ್ರೆ ತೊಳೆಯುವುದಕ್ಕಿಂತ ಇದು ಮೇಲು; ಥೀಸಿಸ್ಸಿಗೂ ಇದೇ ದಾರಿ.

ಕೇಳುವುದು ಹೇಗೆ? ‘ರೆಸ್ಪೆಕ್ಟೆಡ್ ಸರ್’ ಅಂತ ಐವತ್ತು ಜನಕ್ಕೆ ಒಂದೇ ಮೇಲ್ ಕಳಿಸಿದರೆ ಯಾರೂ ತೆರೆದು ನೋಡುವುದಿಲ್ಲ. ಒಂದು ಗುಂಪು ಆರಿಸಿ, ಅವರ ಇತ್ತೀಚಿನ ಒಂದು ಪ್ರಬಂಧ ಓದಿ. ಅದರ ಡೇಟಾ ಸಾರ್ವಜನಿಕವಾಗಿದ್ದರೆ ಅದರಲ್ಲಿನ ಒಂದು ಚಿತ್ರವನ್ನಾದರೂ (ಗ್ರಾಫ್) ನೀವೇ ಮರಳಿ ತಯಾರಿಸಿ. ಇದಕ್ಕೆ ದುಬಾರಿ ಕಂಪ್ಯೂಟರ್ ಬೇಡ. ಬ್ರೌಸರ್‌ನಲ್ಲೇ ಇಂಥ ವಿಶ್ಲೇಷಣೆ ಮಾಡಲು ಬಿಡುವ, ಫ್ರೈಬುರ್ಗ್‌ನಿಂದ ನಡೆಯುವ ಗ್ಯಾಲಕ್ಸಿ ಯುರೋಪ್ ಸರ್ವರ್‌ನಲ್ಲಿ ಯಾರು ಬೇಕಾದರೂ ಉಚಿತವಾಗಿ ಖಾತೆ ತೆರೆಯಬಹುದು, ಸರಸ್ವತೀಪುರಂನ ಪಿಜಿಯಲ್ಲಿ ಕೂತೂ ಸಹ. ಪಾಠಗಳೂ ಅದರ ಜೊತೆಗೇ ಇವೆ. ನೀವು ಮಾಡಿದ ಪ್ರತಿ ಹೆಜ್ಜೆಯೂ ಅಲ್ಲಿ ಹಿಸ್ಟರಿಯಾಗಿ ಉಳಿಯುತ್ತದೆ. ಮೇಲ್‌ನಲ್ಲಿ ನಾಲ್ಕು ಸಾಲು ಬರೆದು ಅದರ ಕೊಂಡಿ ಹಾಕಿ. ಸರ್ಟಿಫಿಕೇಟುಗಳ ಕಂತೆಗಿಂತ ಅದಕ್ಕೆ ತೂಕ ಜಾಸ್ತಿ.

ಸೇರಿದ ಮೇಲೆ ದೊಡ್ಡ ಲೆಕ್ಕಕ್ಕೆ ‘ಡಿ.ಎನ್‌ಬಿಐ’ ಎಂಬ ಜರ್ಮನ್ ಬಯೋಇನ್ಫರ್ಮ್ಯಾಟಿಕ್ಸ್ ಜಾಲದ ಕ್ಲೌಡ್ ಇದೆ. 2015ರಲ್ಲಿ ಶುರುವಾದ ಈ ಜಾಲ ಸಂಶೋಧಕರಿಗೆ ತರಬೇತಿಯನ್ನೂ ಕೊಡುತ್ತದೆ. ಮನುಷ್ಯರ ಜೀನೋಮ್ (ಪೂರ್ತಿ ಡಿಎನ್‌ಎ) ಡೇಟಾ ವಿಷಯದಲ್ಲಿ ಮಾತ್ರ ಹುಷಾರು. ಪೆನ್‌ಡ್ರೈವ್‌ಗೆ ಹಾಕಿಕೊಂಡು ಮನೆಗೆ ಒಯ್ಯುವ ನಮ್ಮ ಅಭ್ಯಾಸ ಇಲ್ಲಿ ಕಾನೂನಿನ ತಕರಾರಿಗೆ ಗುರಿಮಾಡುತ್ತದೆ.

ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ಓದಿದವರು ಇದೆಲ್ಲ ವೈದ್ಯಕೀಯದವರಿಗೆ ಅಂದುಕೊಳ್ಳಬೇಡಿ. ಗಾಟರ್ಸ್‌ಲೇಬೆನ್ ಎಂಬ ಪುಟ್ಟ ಊರಿನ ಐಪಿಕೆ ಸಂಸ್ಥೆಯ ಜೀನ್ ಬ್ಯಾಂಕಿನಲ್ಲಿ ಸುಮಾರು ಒಂದೂವರೆ ಲಕ್ಷ ಬೆಳೆ ಮಾದರಿಗಳಿವೆ. ಬಾರ್ಲಿ ಜೀನೋಮ್ ಕೆಲಸದಲ್ಲಿ ಅದು ಮುಂಚೂಣಿಯಲ್ಲಿತ್ತು. ಕಲೋನ್‌ನಲ್ಲಿ ಸಸ್ಯ ತಳಿಗಳಿಗೇ ಮೀಸಲಾದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಇದೆ. ಇಂಥ ಕಡೆ ಪಿಎಚ್‌.ಡಿ. ಸಾಮಾನ್ಯವಾಗಿ ಜಾಹೀರಾತು ನೋಡಿ ಅರ್ಜಿ ಹಾಕುವ, ಕರಾರು-ಸಂಬಳ ಇರುವ ನೌಕರಿ. ಸಂಬಳ ಹೆಚ್ಚಾಗಿ ಇಲ್ಲಿನ ಸರ್ಕಾರಿ ವೇತನ ಶ್ರೇಣಿಯ ಇ-13 ದರ್ಜೆಯದು, ಆದರೆ ಪೂರ್ತಿಯಲ್ಲ. ಶೇಕಡಾ ಎಷ್ಟು ಎಂದು ಸಹಿ ಹಾಕುವ ಮುಂಚೆ ಓದಿಕೊಳ್ಳಿ.